ಸೂಜಿ ಕೆಳಗಿಟ್ಟು ಎದ್ದು ಬಂದ ದಿನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಇರಬಹುದು. ಆದರೆ ಆ ಬೆಳಿಗ್ಗೆ ಲ್ಯಾಬಿನ ಸಂದರ್ಶನದಿಂದ ನಡುವೆಯೇ ಎದ್ದು ಬಂದದ್ದು ಬರೀ ಕೋಪಕ್ಕೇನಾ ಎಂದು ಮನೆ ಮುಟ್ಟುವಷ್ಟರಲ್ಲಿ ನನಗೇ ಅನುಮಾನ ಹುಟ್ಟಿತ್ತು.

ನನ್ನ ಕೆಲಸ ರಕ್ತ ತೆಗೆಯುವುದು. ಅಮ್ಮ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟೆ. ಅವಳು ಹೋದ ಮೇಲೆ, ಮನೆಯಲ್ಲಿ ಸುಮ್ಮನೆ ಕೂರಲಾರದೆ ಮತ್ತೆ ಹುಡುಕಲು ಹೊರಟೆ. ಈ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ: ಸಂದರ್ಶನ ಮಾಡುವವರೇ ತೋಳು ಚಾಚಬೇಕು, ಕೆಲಸ ಕೇಳಿ ಬಂದವರು ಅವರ ರಕ್ತ ತೆಗೆದು ತೋರಿಸಬೇಕು. ಒಳ್ಳೆಯ ಪದ್ಧತಿಯೇ. ಮ್ಯಾನೇಜರ್ ಒಳ್ಳೆಯವರಾಗಿದ್ದರೆ ಇನ್ನೂ ಒಳ್ಳೆಯದಿತ್ತು.

ಆ ಮನುಷ್ಯ ನನ್ನನ್ನು ಗಂಟೆಗಟ್ಟಲೆ ಹೊರಗೆ ಕಾಯಿಸಿದರು. ಒಳಗೆ ಕರೆದ ಮೇಲೆ ನನ್ನ ಅರ್ಜಿಯ ಮೇಲೆ ಟೀ ಲೋಟ ಇಟ್ಟು, ಫೋನಿನಲ್ಲಿ ಯಾರ ಜೊತೆಗೋ ಹರಟುತ್ತ, ನಡುನಡುವೆ ನನ್ನ ಕಡೆಗೊಂದು ಪ್ರಶ್ನೆ ಎಸೆದರು.

"ಇಷ್ಟು ವರ್ಷ ಮನೇಲಿ ಏನ್ ಮಾಡ್ತಿದ್ರಿ?"

"ಅಮ್ಮನ್ನ ನೋಡ್ಕೊಳ್ತಿದ್ದೆ ಸರ್. ಅವರ ರಕ್ತಾನೂ ನಾನೇ ತೆಗೀತಿದ್ದೆ."

"ಈಗ ಹುಷಾರಾಗಿದಾರಾ?"

"ಇಲ್ಲ ಸರ್. ಹೋಗ್ಬಿಟ್ರು."

"ಅಷ್ಟೆಲ್ಲ ಮಾಡಿನೂ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಅಂತಾಯ್ತು," ಎಂದು ನಕ್ಕು ಅಂಗಿಯ ತೋಳು ಮಡಚಿದರು. "ತೆಗೀರಿ ನೋಡೋಣ, ಕೈ ತುಕ್ಕು ಹಿಡಿದಿದೆಯೋ ಏನೋ."

ಅಲ್ಲೇ ಪಕ್ಕದಲ್ಲಿ ನಿಂತಿದ್ದ ಹಿರಿಯ ಟೆಕ್ನಿಷಿಯನ್, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು, ಟ್ರೇ ತಂದಿಟ್ಟರು. ನಾನು ಸೂಜಿಯ ಮುಚ್ಚಳ ತೆಗೆದೆ. ಮತ್ತೆ ಮುಚ್ಚಿ ಕೆಳಗಿಟ್ಟೆ. "ಕೋಪ ಬಂದಾಗ ನಾನು ಸೂಜಿ ಹಿಡಿಯಲ್ಲ ಸರ್," ಎಂದು ಹೇಳಿ ಬ್ಯಾಗು ಎತ್ತಿಕೊಂಡು ಹೊರಬಂದೆ.

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡನನ್ನು ಅಲುಗಾಡಿಸಿ ಎಬ್ಬಿಸಿ ಎಲ್ಲ ಹೇಳಿದೆ. ಅವರು ಕಣ್ಣುಜ್ಜಿಕೊಂಡು ಫೋನು ಹಿಡಿದು, ಲ್ಯಾಬಿನ ಮಾಲೀಕರಿಗೆ ಒಂದು ಮೇಲ್ ಬರೆಯತೊಡಗಿದರು. 'ತಮ್ಮ ಅಮೂಲ್ಯ ಸಮಯಕ್ಕಾಗಿ ವಂದನೆಗಳು' ಎಂದು ಶುರುವಾಯಿತು.

"ಯಾರ ಸಮಯ ರೀ ಅಮೂಲ್ಯ? ಅವನದ್ದಾ?"

"ಮರ್ಯಾದೆಯಿಂದ ಬರೆದ್ರೆ ಓದ್ತಾರೆ ಕಣೆ. ಇಲ್ಲಾಂದ್ರೆ ಹೊಟ್ಟೆಗೆ ಹಾಕ್ಕೊಂಡು ಬಿಟ್ಬಿಡು. ಬೇರೆ ಲ್ಯಾಬ್ ಇಲ್ವಾ ಊರಲ್ಲಿ?"

ಬಿಡುವುದು ಹೇಗೆ? ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಬಾಗಿಲಿಗೂ ಓಡಾಡಿದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆ ಮಾತಿಗೆ ಕೊಡಬಹುದಾಗಿದ್ದ ಉತ್ತರಗಳು ಒಂದರ ಮೇಲೊಂದು ಈಗ ಬರುತ್ತಿದ್ದವು, ಬೇಕಾದಾಗ ಒಂದೂ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಯೋಚನೆ ಕೊರೆಯುತ್ತಿತ್ತು. ಅಮ್ಮನಿಗೆ ಕೊನೆಯ ಸಲ ಚುಚ್ಚಿದ ಮೇಲೆ ನಾನು ಸೂಜಿಯನ್ನೇ ಮುಟ್ಟಿರಲಿಲ್ಲ. ಆ ಮ್ಯಾನೇಜರ್ ದೇವರಂಥವರಾಗಿದ್ದರೂ ನಾನು ಚುಚ್ಚುತ್ತಿದ್ದೆನೋ ಇಲ್ಲವೋ?

"ರೀ, ನಿಮ್ಮ ತೋಳು ಕೊಡಿ ಸ್ವಲ್ಪ."

ಅವರು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡರು. "ಮೇಲ್ ಬೇಕಾದ್ರೆ ನೂರು ಬರೆದುಕೊಡ್ತೀನಿ, ತೋಳು ಮಾತ್ರ ಕೇಳ್ಬೇಡ."

ನಗು ಬಂತು, ಆದರೆ ತಳಮಳ ಹೋಗಲಿಲ್ಲ. ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಲ್ಯಾಬಿಗೆ ಹೊರಟೆ. ದಾರಿಯುದ್ದಕ್ಕೂ ವಾಪಸ್ ಹೋಗಿಬಿಡೋಣವೇ ಎಂದು ಕಾಲು ತಡೆಯುತ್ತಿತ್ತು. ಆ ಮನುಷ್ಯ ಆ ಮಾತಿಗೆ ಕ್ಷಮೆ ಕೇಳಬೇಕು, ನನ್ನ ಕೈ ಏನಾಗಿದೆ ಎಂದು ನನಗೆ ಗೊತ್ತಾಗಬೇಕು. ಇವೆರಡೂ ಆಗದೆ ಮನೆಗೆ ಹೋದರೆ ನನಗೆ ಉಳಿಗಾಲವಿಲ್ಲ ಅನ್ನಿಸಿತ್ತು.

ಮ್ಯಾನೇಜರ್ ರಕ್ತ ತೆಗೆಯುವ ಕೋಣೆಯಲ್ಲೇ ಇದ್ದರು, ಅಕ್ಕನಿಗೆ ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ಹುಬ್ಬೇರಿಸಿದರು. "ಮತ್ತೆ ಯಾಕ್ ಬಂದ್ರಿ? ಕೋಪ ಇಳೀತಾ?"

"ಸೂಜಿ ಹಿಡಿಯೋವಷ್ಟು ಇಳಿದಿದೆ ಸರ್. ಪರೀಕ್ಷೆ ಮುಗಿಸಿ ಹೋಗ್ತೀನಿ."

"ನನ್ನ ತೋಳೇನು ಧರ್ಮಕ್ಕೆ ಬಿದ್ದಿದೆಯಾ?"

ಅಕ್ಕ ಕುರ್ಚಿ ಎಳೆದುಕೊಂಡು ಕೂತು ತಮ್ಮ ತೋಳು ಚಾಚಿದರು. "ನಂದು ತಗೋಮ್ಮ."

ತುಂಬಿದ ತೋಳು, ಬೆರಳಿಟ್ಟರೆ ಸಿಗುವ ನರ. ಪಟ್ಟಿ ಕಟ್ಟಿದೆ, ಹತ್ತಿಯಿಂದ ಒರೆಸಿದೆ, ಚುಚ್ಚಿದೆ. ಸಿರಿಂಜಿಗೆ ಒಂದು ಹನಿಯೂ ಬರಲಿಲ್ಲ. ಅಕ್ಕನ ಹುಬ್ಬು ನೋವಿಗೆ ಗಂಟಿಕ್ಕಿತು.

ಆಮೇಲೆ ನನ್ನ ಕೈ ನನಗೇ ಕಾಣಿಸಿತು. ಸೂಜಿಯನ್ನು ತೀರ ಮಲಗಿಸಿ, ಮೇಲ್ಮೇಲೆ ಚುಚ್ಚಿದ್ದೆ. ಅಮ್ಮನಿಗೆ ಹಾಗೆಯೇ ಚುಚ್ಚಬೇಕಾಗುತ್ತಿತ್ತು. ಅವಳ ನರಗಳು ನೂಲಿನ ಹಾಗೆ ಸಣಕಲಾಗಿ, ಚರ್ಮಕ್ಕೆ ಅಂಟಿಕೊಂಡಿರುತ್ತಿದ್ದವು. ಸ್ವಲ್ಪ ಆಳ ಹೋದರೂ ಒಡೆದು ತೋಳೆಲ್ಲ ನೀಲಿಗಟ್ಟುತ್ತಿತ್ತು. ಕೈ ಏನನ್ನೂ ಮರೆತಿರಲಿಲ್ಲ. ಅದು ಇನ್ನೂ ಅಮ್ಮನ ತೋಳಲ್ಲೇ ಇತ್ತು.

"ಅಕ್ಕಾ, ತಪ್ಪಾಯ್ತು. ನೋವು ಮಾಡ್ಬಿಟ್ಟೆ," ಎಂದೆ. ಅವರು ಇನ್ನೊಂದು ತೋಳು ಕೊಟ್ಟರು. ಹೊಸ ಸೂಜಿ ತೆಗೆದುಕೊಂಡೆ. ಈ ಸಲ ಸೂಜಿಯನ್ನು ಸ್ವಲ್ಪ ಎತ್ತಿ ಹಿಡಿದೆ, ರಕ್ತ ಸರಾಗವಾಗಿ ಬಂತು.

"ಮೊದಲನೇ ಸಲ ತಪ್ಪಿತಲ್ಲ," ಎಂದರು ಮ್ಯಾನೇಜರ್.

"ತಪ್ಪಿತು ಸರ್. ಅದಕ್ಕೆ ಅವರ ಹತ್ರ ಕ್ಷಮೆ ಕೇಳಿದೆ. ಈಗ ನೀವು ಕೇಳಿ."

"ನಾನಾ? ಯಾವುದಕ್ಕೆ?"

ಅವರು ನಾಟಕ ಆಡುತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಬೆಳಿಗ್ಗೆಯಿಂದ ನನ್ನನ್ನು ಸುಡುತ್ತಿದ್ದ ಮಾತು ಅವರಿಗೆ ಟೀ ಕುಡಿಯುತ್ತ ಆಡಿದ ಒಂದು ಮಾತು, ಅಷ್ಟೇ. ಹಾಗಾಗಿ ಅದನ್ನು ನಾನೇ ಬಾಯಿಬಿಟ್ಟು ಹೇಳಬೇಕಾಯಿತು.

"ಅಷ್ಟೆಲ್ಲ ಮಾಡಿನೂ ಅಮ್ಮನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಅಂತಾಯ್ತು. ಹಾಗಂದು ನಕ್ರಿ ನೀವು."

"ನಾನು ಹಾಗಂದ್ನಾ?"

"ಅಂದ್ರಿ ಸರ್," ಎಂದರು ಅಕ್ಕ, ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ. "ನಾನೂ ಅಲ್ಲೇ ಇದ್ದೆ."

ಮ್ಯಾನೇಜರ್ ನನ್ನ ಮುಖ ನೋಡಲಿಲ್ಲ. ಟ್ರೇಯಲ್ಲಿದ್ದ ಹತ್ತಿಯ ಉಂಡೆಗಳನ್ನು ಸುಮ್ಮನೆ ಸರಿಸಿದರು. "ಹಾಗೆ ಅನ್ನಬಾರದಿತ್ತು. ತಪ್ಪಾಯ್ತು," ಎಂದರು ಮೆಲ್ಲಗೆ. ಆಮೇಲೆ, "ಸೋಮವಾರದಿಂದ ಬನ್ನಿ," ಎಂದರು.

ಬರುತ್ತೇನೆ ಎಂದು ಹೇಳಿ ಹೊರಟೆ. ಗೆದ್ದೆ ಅನ್ನಿಸಬೇಕಿತ್ತು. ಮೆಟ್ಟಿಲ ಅರ್ಧಕ್ಕೆ ಬಂದಾಗ ಗೋಡೆ ಹಿಡಿದುಕೊಂಡು ಅಲ್ಲೇ ಕೂತು ಅತ್ತೆ. ಅವರು ಕ್ಷಮೆ ಕೇಳಿಯಾಗಿತ್ತು, ಇನ್ನು ಜಗಳವಾಡಲು ಯಾರೂ ಉಳಿದಿರಲಿಲ್ಲ. ಆ ಮಾತು ಮಾತ್ರ ನಿಜವಾಗಿಯೇ ಉಳಿದಿತ್ತು. ಅಷ್ಟೆಲ್ಲ ಮಾಡಿಯೂ ನನ್ನ ಅಮ್ಮ ಉಳಿಯಲಿಲ್ಲ.