ಎಂಟೋ, ಹತ್ತೋ

“ಏನು, ಇವತ್ತು ನಡಾಲ್ ಸುದ್ದಿನೇ ಇಲ್ಲ? ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯೇನು ಮಾರಾಯ?” ಮುಜಮ್ಮಿಲ್ ಸ್ಪ್ರೇಯರಿನ ನಳಿಕೆಯನ್ನು ಊದಿ ನೋಡುತ್ತಾ ಕೇಳಿದ.

ಅಶ್ವಿನ್ ನಕ್ಕಂತೆ ಮಾಡಿದ. ಆಲ್ದೂರಿನ ಬಸ್‌ಸ್ಟ್ಯಾಂಡಿನ ಹಿಂದಿರುವ ಮುಜಮ್ಮಿಲ್‌ನ ವರ್ಕ್‌ಶಾಪಿನ ಗೋಡೆಯ ಟೀವಿಯಲ್ಲಿ ಪ್ಯಾರಿಸ್ಸಿನ ಕೆಂಪು ಟೆನಿಸ್ ಅಂಗಳ ಕಾಣುತ್ತಿತ್ತು. ಎಳೆಯ ಆಟಗಾರರಿಬ್ಬರು ಆಡುತ್ತಿದ್ದರು. ಅವರಲ್ಲಿ ಯಾರು ಗೆದ್ದರೂ ಇವರಿಗೆ ಅಷ್ಟಕ್ಕಷ್ಟೇ. ಪ್ರತಿವರ್ಷ ಮುಂಗಾರು ಕಾಲಿಡುವ ಹೊತ್ತಿಗೆ ಈ ಪಂದ್ಯಗಳು ಬರುತ್ತವೆ, ಜೊತೆಗೆ ಗೆಳೆಯರಿಬ್ಬರ ಹಳೆಯ ಜಗಳವೂ ಬರುತ್ತದೆ. ಮಣ್ಣಿನಂಗಳದಲ್ಲಿ ನಡಾಲ್ ತುತ್ತತುದಿ ಮುಟ್ಟಿದ್ದು ಎರಡು ಸಾವಿರದ ಎಂಟರ ಸೀಸನ್ನಿನಲ್ಲೋ, ಹತ್ತರಲ್ಲೋ? ಅಶ್ವಿನ್ ಎಂಟರ ಕಡೆ, ಮುಜಮ್ಮಿಲ್ ಹತ್ತರ ಕಡೆ. ಇದೇ ಜಗಳದಲ್ಲಿ, ದೇವರಮನೆ ಗುಡ್ಡಕ್ಕೆ ಒಂದೇ ಬೈಕಿನಲ್ಲಿ ಹೋದವರು ಬೇರೆಬೇರೆಯಾಗಿ ಮನೆ ಸೇರಿದ್ದೂ ಉಂಟು.

ಅಶ್ವಿನ್ ರಿಪೇರಿಗೆ ತಂದ ಸ್ಪ್ರೇಯರ್ ಇವತ್ತು ಬರೀ ನೆಪ. ಭಾನುವಾರ, ಅವನೂ ಮೆಂಬರಾಗಿದ್ದ ಊರ ಕ್ಲಬ್ಬಿನ ಕಮಿಟಿ ಸೇರಿತ್ತು. ಮಣ್ಣಿನ ಟೆನಿಸ್ ಅಂಗಳವನ್ನು ಕಿತ್ತು ಕಾಂಕ್ರೀಟು ಹಾಕಿಸುವುದೆಂದು ತೀರ್ಮಾನವಾಗಿತ್ತು. ಮಳೆ ನಿಂತ ಮರುಗಳಿಗೆಯೇ ಆಡಬಹುದು, ವರ್ಷವರ್ಷ ರಿಪೇರಿಯ ರಗಳೆಯಿಲ್ಲ ಎಂದು ಅಧ್ಯಕ್ಷರು ಹೇಳಿದ್ದರು. ಒಪ್ಪುವವರು ಕೈಯೆತ್ತಿ ಎಂದಾಗ ಅಕ್ಕಪಕ್ಕದ ಕೈಗಳು ಎದ್ದವು, ಅಶ್ವಿನ್‌ನದೂ ಎದ್ದಿತು. ಆಮೇಲೆ ಬೋಂಡ ಬಂತು. ಬೋಂಡ ಮುರಿಯುವಾಗ ಅವನಿಗೆ ಖಾದರ್ ಸಾಹೇಬರ ನೆನಪಾಯಿತು.

ಮುಜಮ್ಮಿಲ್‌ನ ತಂದೆ ಖಾದರ್, ಅಂಗಳದ ಉಸ್ತುವಾರಿಗೆಂದು ಕ್ಲಬ್ಬಿಗೆ ಸೇರಿ ಅಲ್ಲೇ ಮುದುಕರಾದವರು. ಮಳೆಗಾಲಕ್ಕೆ ಮುಂಚೆ ಹುತ್ತದ ಮಣ್ಣು ತಂದು ಜರಡಿ ಹಿಡಿದಿಡುವರು. ಮಳೆ ಕಳೆದ ಮೇಲೆ ಅದನ್ನು ಹರಡಿ, ಕಾಫಿ ಕಣಕ್ಕೆ ಬಳಿದಂತೆ ಸಗಣಿನೀರು ಬಳಿದು, ರೋಲರ್ ಎಳೆಯುವರು. ಮೆಂಬರುಗಳು ಏಳುವ ಮುಂಚೆ ಆ ಅಂಗಳದಲ್ಲಿ ಅವರ ಮಗನೂ ಎಸ್ಟೇಟಿನ ಗೌಡರ ಮಗನಾದ ಅಶ್ವಿನ್ನೂ ಆಡಿ ಬೆಳೆದಿದ್ದರು. ಚೆಂಡಿನ ಹಿಂದೆ ಜಾರುತ್ತಾ ಹೋಗುವುದನ್ನು ಅಶ್ವಿನ್‌ಗೆ ಕಲಿಸಿದ್ದೇ ಮುಜಮ್ಮಿಲ್.

“ಸಣ್ಣಗೌಡ್ರೇ, ಇಲ್ಲಿ ಬನ್ನಿ,” ಎಂದು ಖಾದರ್ ಹೊರಗಿನ ಜಗಲಿಯಿಂದ ಕರೆದರು. ಅಶ್ವಿನ್‌ನ ಕಿವಿಯ ಬದಿ ನರೆತಿದ್ದರೂ ಅವರಿಗೆ ಅವನು ಇನ್ನೂ ಸಣ್ಣಗೌಡನೇ. ಅವರ ಮುಂದೆ ಜರಡಿ, ಪಕ್ಕದಲ್ಲಿ ಬಾಯಿ ಹೊಲಿದ ಮೂಟೆಗಳು. “ಈ ಸಲ ಮಲ್ಲಂದೂರು ಕಡೆ ಹುತ್ತ ಸಿಕ್ತು. ಮುಟ್ಟಿ ನೋಡಿ, ಹಿಟ್ಟಿದ್ದಂಗಿದೆ.”

ಅಶ್ವಿನ್ ಬಗ್ಗಿ ಮುಟ್ಟಿದ. ಮಣ್ಣು ಬೆಚ್ಚಗಿತ್ತು.

“ಚೆನ್ನಾಗಿದೆ ಸಾಬ್ರೇ.”

“ಬಾಬಾ, ನೀವೇ ಹೇಳಿ,” ಮುಜಮ್ಮಿಲ್ ಒಳಗಿನಿಂದ ಕೂಗಿದ. “ಎಂಟೋ, ಹತ್ತೋ?”

“ಒಂಬತ್ತು.”

“ಒಂಬತ್ತರಲ್ಲಿ ಅವ್ನು ಪ್ಯಾರಿಸ್ಸಲ್ಲಿ ಸೋತಿದ್ದು!”

“ನಾವು ಟೀವಿ ತಂದಿದ್ದು ಒಂಬತ್ತರಲ್ಲಿ. ನಾನು ಸರಿಯಾಗಿ ನೋಡಿದ್ದು ಅದನ್ನೇ. ಸೋತ್ರೆ ಏನಾಯ್ತು, ಅಂಗಳ ಚೆನ್ನಾಗಿತ್ತು,” ಎಂದು ಖಾದರ್ ಮತ್ತೆ ಜರಡಿ ಅಲ್ಲಾಡಿಸತೊಡಗಿದರು.

ಮುಜಮ್ಮಿಲ್ ನಗುತ್ತಲೇ ಅಶ್ವಿನ್ ಕಡೆ ತಿರುಗಿದ. “ನೋಡು, ಹತ್ತರಲ್ಲಿ ಮಾಂಟೆಕಾರ್ಲೊ, ರೋಮ್, ಮ್ಯಾಡ್ರಿಡ್, ಪ್ಯಾರಿಸ್, ನಾಲ್ಕೂ ಅವನದೇ. ನಿನ್ನ ಎಂಟರಲ್ಲಿ ರೋಮಲ್ಲಿ ಸೋತ. ಹತ್ತಕ್ಕೆ ಹಿಂದಿನ ವರ್ಷ ಮಂಡಿ ಹೋಗಿತ್ತು, ಇವನ ಕತೆ ಮುಗೀತು ಅಂತಿದ್ರು ಜನ. ಬಿದ್ದ ಅಂಗಳಕ್ಕೇ ವಾಪಸ್ ಬಂದು ಗೆಲ್ಲೋದು ದೊಡ್ಡದಾ, ಬೀಳ್ದೇ ಗೆಲ್ಲೋದು ದೊಡ್ಡದಾ? ಹೇಳು ನೋಡಣ.”

ಉತ್ತರ ಅಶ್ವಿನ್‌ನ ನಾಲಿಗೆಯ ತುದಿಯಲ್ಲೇ ಇತ್ತು. ರೋಮಿನಲ್ಲಿ ಕಾಲಿಗೆ ಬೊಕ್ಕೆ ಎದ್ದಿತ್ತು. ಪ್ಯಾರಿಸ್ಸಿನ ಫೈನಲ್ಲಿನಲ್ಲಿ ಎದುರಾಳಿಗೆ ಸಿಕ್ಕಿದ್ದು ನಾಲ್ಕೇ ಗೇಮು. ಪ್ರತಿವರ್ಷ ಹೇಳುವ ಮಾತೇ. ಇವತ್ತು ಅದು ಹೊರಬರಲಿಲ್ಲ.

“ಸರಿ ಬಿಡು. ಹತ್ತೇ. ನೀನು ಹೇಳಿದ್ದೇ ಸರಿ.”

ಮುಜಮ್ಮಿಲ್‌ನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು. ಟೀವಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನು ಎದ್ದು ಟೀವಿಯ ದನಿಯನ್ನು ತಗ್ಗಿಸಿದ.

“ಏನಾಯ್ತು?”

“ಏನಿಲ್ಲ.”

“ಒಂದು ಪಾಯಿಂಟ್ ಬಿಟ್ಕೊಟ್ಟವನಲ್ಲ ನೀನು ಇವತ್ತಿನವರೆಗೆ. ಅಮ್ಮ ಹುಶಾರಿದಾರಾ? ದಿವ್ಯಾ, ಮಕ್ಕಳು?” ಅವನ ಮುಖದಲ್ಲಿ ನಿಜವಾದ ಗಾಬರಿಯಿತ್ತು. “ಏನಾದ್ರೂ ಬೇಕಿದ್ರೆ ಹೇಳು ಮಾರಾಯ, ಸಂಕೋಚ ಮಾಡ್ಕೋಬೇಡ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಶ್ವಿನ್ ಜಗಲಿಯತ್ತ ಒಮ್ಮೆ ನೋಡಿ, ಕಮಿಟಿಯ ತೀರ್ಮಾನವನ್ನು ಪಿಸುದನಿಯಲ್ಲಿ ಹೇಳಿದ.

ಮುಜಮ್ಮಿಲ್ ಜಗಲಿಯ ಕಡೆ ತಿರುಗಿದ. ಜರಡಿಯ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು.

“ಬೇಡ ಅಂದವ್ರು ಎಷ್ಟು ಜನ?”

“ಯಾರೂ ಅನ್ಲಿಲ್ಲ.”

ಮುಜಮ್ಮಿಲ್‌ನ ಕಣ್ಣು ಒಂದು ಕ್ಷಣ ಗೆಳೆಯನ ಕೈಗಳ ಮೇಲೆ ನಿಂತು ಬೇರೆ ಕಡೆ ಹೋಯಿತು. ಮುಂದಿನ ಪ್ರಶ್ನೆಯನ್ನು ಅವನು ಕೇಳಲಿಲ್ಲ. ಕೂತು ನಳಿಕೆಯನ್ನು ಸ್ಪ್ರೇಯರಿಗೆ ಜೋಡಿಸಿ, ಬೇಕಾದ್ದಕ್ಕಿಂತ ಹೆಚ್ಚು ಬಿಗಿದ.

“ಎಂಟೇ ಸರಿ,” ಎಂದ ಕೊನೆಗೆ.

“ಏನು?”

“ಹತ್ತನ್ನ ನಂಗೆ ಹೀಗೆ ಕೊಡಬೇಡ.”

ಅಷ್ಟರಲ್ಲಿ ಖಾದರ್ ಕೈ ಝಾಡಿಸುತ್ತಾ ಬಾಗಿಲಿಗೆ ಬಂದರು. “ಸಣ್ಣಗೌಡ್ರೇ, ಜೀಪು ತಂದಿದೀರಲ್ಲ? ಮೂಟೆಗಳನ್ನ ಕ್ಲಬ್ಬಿನ ಶೆಡ್ಡಿಗೆ ಹಾಕ್ಸಿಬಿಡಿ. ನಿಮಗೆ ದಾರಿ ಮೇಲೇ. ಮಳೆ ಹಿಡ್ಕೊಂಡ್ರೆ ಆಮೇಲೆ ಆಗಲ್ಲ. ದಸರಾ ಹೊತ್ತಿಗೆ ಆಡೋ ಹಂಗೆ ಮಾಡ್ತೀನಿ.”

“ಸಾಬ್ರೇ, ಅದು…”

“ಜೀಪಿನ ಬಾಗ್ಲು ತೆಗಿ,” ಎಂದ ಮುಜಮ್ಮಿಲ್. ಆಗಲೇ ಒಂದು ಮೂಟೆ ಅವನ ಹೆಗಲ ಮೇಲಿತ್ತು.

ಮೂಟೆಗಳನ್ನೆಲ್ಲ ಅವನೊಬ್ಬನೇ ಹೊತ್ತು ಹಾಕಿದ. ಅಶ್ವಿನ್ ಕೈ ಚಾಚಿದರೆ ಪಕ್ಕಕ್ಕೆ ಸರಿದು ಹೋದ. ತಾಡಪಾಲು ಹೊದಿಸಿ, ಹಗ್ಗ ಎಳೆದು, ಒಂದೊಂದೇ ಗಂಟು ಹಾಕಿದ.

“ನೀರು ತಾಗದಂಗೆ ಕಟ್ಟು ಮಗಾ,” ಎಂದರು ಖಾದರ್.

“ಕಟ್ತಿದೀನಿ ಬಾಬಾ.”

ಕ್ಲಬ್ಬು ತಲುಪುವಷ್ಟರಲ್ಲಿ ಮಳೆ ಶುರುವಾಗಿತ್ತು. ಕಬ್ಬಿಣದ ಸರಳುಗಳ ಆಚೆ ಅಂಗಳ ನೆನೆದು ಕಪ್ಪುಗೆಂಪಾಗಿತ್ತು. ಅದರ ಮೂಲೆಯಲ್ಲಿ ಕಲ್ಲಿನ ರೋಲರ್ ಇತ್ತು. ವಾಚ್‌ಮನ್ ಗೇಟು ತೆರೆದು ಕಾದ. ಅಶ್ವಿನ್ ಜೀಪನ್ನು ಒಳಗೆ ತರಲಿಲ್ಲ, ತಿರುಗಿಸಲೂ ಇಲ್ಲ. ಗಾಳಿ ಬೀಸಿದಾಗ ಹಿಂದುಗಡೆ ತಾಡಪಾಲು ಪಟಪಟ ಬಡಿದುಕೊಂಡಿತು. ಅವನು ಇಳಿದು ಹೋಗಿ ನೋಡಿದ. ಒಂದೂ ಗಂಟು ಸಡಿಲವಾಗಿರಲಿಲ್ಲ, ಅಂಚು ಮಾತ್ರ ಗಾಳಿಗೆ ಏಳುತ್ತಿತ್ತು.

“ಒಳಗೆ ಬರ್ತೀರಾ ಸಾರ್?” ವಾಚ್‌ಮನ್ ಕೊಡೆ ಬಿಚ್ಚುತ್ತಾ ಕೂಗಿದ.

ಅಶ್ವಿನ್ ಎರಡೂ ಕೈಯಿಂದ ಆ ಅಂಚನ್ನು ಮೂಟೆಗೆ ಒತ್ತಿ ಹಿಡಿದು, ಮಳೆಯಲ್ಲಿ ಹಾಗೇ ನಿಂತಿದ್ದ.