ಚುಕ್ಕೆಕಾಳು

ತಟ್ಟೆ ತೆಗೆಯಲೆಂದು ಅಡುಗೆಮನೆಯ ಹಲಗೆಗೆ ಕೈಚಾಚಿದ ಮಗಳಿಗೆ ಬಿಸ್ಕತ್ತಿನ ಡಬ್ಬಿ ತಗುಲಿತು. ಎತ್ತಿದರೆ ಹಗುರ. ಮುಚ್ಚಳ ತೆರೆದಳು. ತಳದಲ್ಲಿ ಚೂರು ಬೂದಿ ಬಿಟ್ಟರೆ ಏನೂ ಇರಲಿಲ್ಲ.

“ಚಿಕ್ಕಮ್ಮ, ಇದರಲ್ಲಿದ್ದ ಕಾಳು?”

ಚಿಕ್ಕಮ್ಮ ಸೌಟಿನಿಂದಲೇ ದೊಡ್ಡ ಪಾತ್ರೆ ತೋರಿಸಿದಳು. “ಅಲ್ಲೇ ಇದೆಯಲ್ಲೇ, ಬೆಣ್ಣೆ ಹಾಗೆ ಬೆಂದಿದೆ. ನಿನ್ನೆ ಸಂಜೆನೇ ನೆನೆಹಾಕಿದ್ದೆ. ಅದೇನು ಬೂದಿ ಮೆತ್ತಿತ್ತೋ, ತೊಳೆದು ತೊಳೆದು ಕೈ ಸೋತುಹೋಯ್ತು. ಬಂದೋರು ಅಕ್ಕನ ಕಾಳನ್ನೇ ಉಣ್ಣಲಿ ಅಂತ.”

ಅಮ್ಮನನ್ನು ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಆಗಲೇ ಊಟಕ್ಕೆ ಕೂತಿದ್ದರು. ಮಗಳು ಕಿರುಚಿದಳು. ಅಮ್ಮನ ಗುಂಡಿಗೆ ಹಿಡಿ ಮಣ್ಣು ಹಾಕುವಾಗಲೂ ಅವಳು ಹೀಗೆ ಕಿರುಚಿರಲಿಲ್ಲ.

“ಅದು ಬಿತ್ತನೆಗೆ ಇಟ್ಟಿದ್ದು! ಹುಳ ಬೀಳದಿರಲಿ ಅಂತ ಅಮ್ಮನೇ ಬೂದಿ ಕಲಸಿದ್ದು!”

“ಬಿತ್ತೋ ಕಾಳನ್ನ ಯಾರಾದ್ರೂ ಅಡುಗೆಮನೇಲಿ ಇಡ್ತಾರೇನೇ?”

ಅಲ್ಲಿ ಇಟ್ಟವಳು ಮಗಳೇ.

*

ಅಮ್ಮನದು ಪಂಕ್ಚರ್ ಅಂಗಡಿ. ಹಿಂದಿನ ಗೋಡೆಗೆ ಹಳೇ ಸೈಕಲ್ ರಿಮ್ಮುಗಳನ್ನು ನೇತುಹಾಕಿ ಆ ಚುಕ್ಕೆಕಾಳಿನ ಬಳ್ಳಿ ಹಬ್ಬಿಸುತ್ತಿದ್ದಳು. “ನಿಮ್ಮ ಸೈಕಲ್ ನಿಂತ್ರೂ ನನ್ನ ಬಳ್ಳಿ ಓಡುತ್ತೆ” ಎಂದು ಗಿರಾಕಿಗಳನ್ನು ಕಿಚಾಯಿಸಿ, ಗಾಳಿ ಹೊಡೆಸಿಕೊಳ್ಳಲು ಬಂದವರಿಗೂ ಒಂದು ಹಿಡಿ ಬೀಜ ಕೊಡುವಳು. ಹಿಂದೆ ಆ ಬೀದಿಯಲ್ಲಿ ಮನೆಗೊಂದು ಬಗೆಯ ಕಾಳಿತ್ತು: ಕೆಂಪು, ಕಪ್ಪು, ಕಾಡಿಗೆ ಕಣ್ಣಿನದು. ಬೇಗ ಬೇಯುವ ಬಿಳಿ ಕಾಳಿನ ಪ್ಯಾಕೆಟ್ ಬಂದದ್ದೇ ಬಂದದ್ದು, ಅವೆಲ್ಲ ಹೇಳಹೆಸರಿಲ್ಲದಂತಾದವು. ಹಟಮಾರಿ ಅಮ್ಮನ ಕಾಳು ಮಾತ್ರ ಉಳಿಯಿತು.

ಹೋದ ವರ್ಷ ಹಾಸಿಗೆ ಹಿಡಿದವಳಿಗೆ ಬಿತ್ತಲಾಗಲಿಲ್ಲ. ಡಬ್ಬಿ ಮಂಚದ ಕೆಳಗಿತ್ತು. ಆಕ್ಸಿಜನ್ ಸಿಲಿಂಡರಿಗೆ ಜಾಗ ಸಾಲದೆ ಮಗಳು ಅದನ್ನು ಅಡುಗೆಮನೆಗೆ ಸಾಗಿಸಿದಳು.

“ಕಾಳು ಇದೆಯಾ?” ಉಸಿರು ಸಿಕ್ಕಾಗಲೆಲ್ಲ ಅಮ್ಮ ಕೇಳುವಳು.

“ಜೋಪಾನವಾಗಿದೆ. ಮಳೆ ಬಿದ್ದ ಕೂಡ್ಲೇ ನಾನೇ ಬಿತ್ತೀನಿ.”

“ನೀನಾ? ಪಾಪ, ಬಳ್ಳಿಯ ಗ್ರಹಚಾರ” ಎಂದು ಅಮ್ಮ ನಕ್ಕಿದ್ದಳು. ಅದೇ ಕೊನೆಯ ನಗು.

*

ಮಗಳು ಅಂಗಳಕ್ಕೆ ಓಡಿದಳು.

“ಅಂಚೆಯಣ್ಣ, ಅಮ್ಮ ನಿಮಗೆ ಬೀಜ ಕೊಟ್ಟಿದ್ದಳಲ್ಲ, ಉಳಿದಿದೆಯಾ?”

“ಅಯ್ಯೋ, ಇಲಿ ತಿಂತಮ್ಮ. ನಿಮ್ಮಮ್ಮನ ಹತ್ರ ಹೇಗೂ ಇರುತ್ತಲ್ಲ ಅಂತ ಸುಮ್ಮನಾದೆ.”

“ಟೀಚರ್, ನೀವು?”

“ನಾನೂ ಹಾಗೇ ಅಂದ್ಕೊಂಡೆ ಕಣಮ್ಮ.”

ಎಲ್ಲರೂ ಹಾಗೇ ಅಂದುಕೊಂಡಿದ್ದರು. ಹಾಲಿನಜ್ಜ ಮಾತ್ರ ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದ. “ಕಾಳು ಅಂದ್ರೆ ಇದು. ಈ ರುಚಿ ಮರೆತೇ ಹೋಗಿತ್ತು.”

ಮಗಳಿಗೆ ಒಂದು ಆಸೆ ಮಿಂಚಿತು. ಎಷ್ಟು ನೆನೆಸಿದರೂ ಚುಕ್ಕೆಕಾಳಿನಲ್ಲಿ ಒಂದೆರಡು ನೀರೇ ಹೀರದೆ ಕಲ್ಲಾಗಿ ಉಳಿಯುತ್ತಿದ್ದವು. ಅಮ್ಮ ಅವನ್ನು ಬೈದುಕೊಂಡೇ ಹೆಕ್ಕುತ್ತಿದ್ದಳು. ಅಂಥದೊಂದು ಸಿಕ್ಕರೂ ಸಾಕು, ಮೊಳೆತೀತು.

“ಹಲ್ಲಿಗೆ ಗಟ್ಟಿ ಕಾಳು ಸಿಕ್ಕಿದ್ರೆ ಉಗೀರಿ! ದಮ್ಮಯ್ಯ, ನುಂಗಬೇಡಿ!”

ಅಗಿಯುತ್ತಿದ್ದ ಬಾಯಿಗಳು ನಿಂತವು. “ಹೆತ್ತವಳು ಹೋದ ಸಂಕಟ, ಪಾಪ” ಎಂದು ಯಾರೋ ಪಿಸುಗುಟ್ಟಿದರು. ಯಾರೂ ಉಗಿಯಲಿಲ್ಲ.

ಮಗಳು ಒಳಗೆ ಬಂದು ಪಾತ್ರೆಯಲ್ಲಿ ಉಳಿದದ್ದನ್ನು ಅಗಲ ತಟ್ಟೆಯ ಪರಾತಕ್ಕೆ ಸುರಿದು, ನೆಲದಲ್ಲಿ ಕೂತು ಒಂದೊಂದೇ ಕಾಳನ್ನು ಹಿಚುಕತೊಡಗಿದಳು. ಮೆತ್ತಗೆ. ಇದೂ ಮೆತ್ತಗೆ.

“ಒಂದೂ ಗಟ್ಟಿ ಉಳೀಬಾರದು ಅಂತ ಬೇಯಿಸಿಬಿಟ್ಟೆನಲ್ಲೇ” ಎಂದು ಚಿಕ್ಕಮ್ಮ ಸೆರಗು ಬಾಯಿಗೊತ್ತಿ ಅತ್ತಳು. ಆಮೇಲೆ ತಾನೂ ಪಕ್ಕದಲ್ಲಿ ಕೂತು ಹಿಚುಕಿದಳು.

ಹಾಲಿನಜ್ಜ ಖಾಲಿ ತಟ್ಟೆ ಹಿಡಿದು ಬಾಗಿಲಿಗೆ ಬಂದ.

“ಇನ್ನೊಂದು ಸೌಟು ಸಿಗುತ್ತೇನಮ್ಮ?”

ಮಗಳು ತಲೆಯೆತ್ತಲಿಲ್ಲ. ಮೊಣಕೈವರೆಗೆ ಕಾಳಿನ ಹಿಟ್ಟು ಮೆತ್ತಿದ ಕೈಯಲ್ಲೇ ಮುಂದಿನ ಕಾಳನ್ನು ಬೆರಳ ನಡುವೆ ಇಟ್ಟು ಒತ್ತಿದಳು.