ಕೇಳಿ ನೋಡುವವರು

ಸೊಸೆ ಸಂಶೋಧನೆ ಮಾಡುತ್ತಿದ್ದದ್ದು ಟಿವಿ ಧಾರಾವಾಹಿಗಳ ಬಗ್ಗೆ ಅಲ್ಲ, ಅವನ್ನು ನೋಡುವವರ ಬಗ್ಗೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅತ್ತೆಯ ತಂಗಿಗೆ ನಗು ತಡೆಯುತ್ತಿರಲಿಲ್ಲ. ಆಕೆಯನ್ನು ಮನೆಯವರೆಲ್ಲ ಚಿಕ್ಕಮ್ಮ ಎನ್ನುತ್ತಿದ್ದರು. ಲಾಂಡ್ರಿಯೊಂದರಲ್ಲಿ ಬಟ್ಟೆ ಮಡಿಸುವ ಕೆಲಸ, ಇರುವುದು ಇವರ ಮನೆಯಿರುವ ಕಟ್ಟಡದಲ್ಲೇ, ಕೆಳಗಿನ ಕೋಣೆಯಲ್ಲಿ.

"ಟಿವಿಗೆ ಬೆನ್ನು ಹಾಕಿ ನಮ್ಮ ಮುಸುಡಿ ನೋಡ್ತಾ ಕೂತ್ರೆ ಡಾಕ್ಟರ್ ಪದವಿ ಕೊಡ್ತಾರೇನೆ? ಹಾಗಾದ್ರೆ ನಮ್ಮ ಲಾಂಡ್ರಿ ಮಾಲೀಕನಿಗೆ ಎರಡು ಕೊಡಬೇಕು. ದಿನವೆಲ್ಲಾ ಅವನು ಮಾಡೋದು ಅದನ್ನೇ."

"ಕೊಡ್ತಾರೆ ಚಿಕ್ಕಮ್ಮ. ನೀವು ಯಾವಾಗ್ಲೂ ಇರೋ ಹಾಗೇ ಇರಿ, ಸಾಕು."

ಮೊದಮೊದಲು ಅವಳು ಕಂಡವರ ಮನೆಗಳಿಗೆ ಹೋಗಿ ಕೂತಿದ್ದಳು. ಅಲ್ಲಿ ಜನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಸುದ್ದಿ ಚಾನೆಲ್ ಹಾಕಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂರುತ್ತಿದ್ದರು. "ಧಾರಾವಾಹಿನಾ? ಅಯ್ಯೋ, ಅದನ್ನೆಲ್ಲಾ ಯಾರು ನೋಡ್ತಾರೆ" ಅನ್ನುವಷ್ಟರಲ್ಲಿ ಒಳಗಿನಿಂದ ಆ ಮನೆಯ ಮುದುಕಿ, "ಅವಳಿಗೆ ಜ್ಞಾಪಕ ಬಂತೇನ್ರೇ?" ಎಂದು ಕೂಗುತ್ತಿದ್ದಳು. ಕೊನೆಗೆ ಸೊಸೆಯ ಸಂಶೋಧನೆಯ ಗೈಡ್ ಹೇಳಿದರು: "ಹಿತ್ತಲ ಗಿಡ ಮದ್ದಲ್ಲ ಅಂದವರು ಯಾರು? ನಿಮ್ಮ ಮನೇಲೇ ಕೂತ್ಕೊಳ್ಳಿ."

ಹಾಗೆ ಸಂಜೆಯ ಧಾರಾವಾಹಿಯ ಹೊತ್ತಿಗೆ ಸ್ಟೂಲಿನ ಮೇಲೆ ಒಂದು ರೆಕಾರ್ಡರ್ ಬಂದು ಕೂತಿತು. ಸೊಸೆ ಟಿವಿಯ ಪಕ್ಕದಲ್ಲಿ, ಅತ್ತೆ, ಚಿಕ್ಕಮ್ಮ ಇಬ್ಬರಿಗೂ ಎದುರಾಗಿ ಕೂತಳು.

"ದಿನಾ ನೋಡ್ತೀರಾ ಅತ್ತೆ?"

"ಕೇಳಿ ನೋಡ್ತೀನಮ್ಮಾ."

ಅತ್ತೆಯ ತಮಾಷೆ ಇದು ಅಂದುಕೊಂಡು ಸೊಸೆ ನಕ್ಕಳು.

ಅವಳಿಗೆ ಸಿಕ್ಕ ವಿಚಿತ್ರವೆಂದರೆ, ಅಕ್ಕತಂಗಿಯರು ಧಾರಾವಾಹಿಯ ಉದ್ದಕ್ಕೂ ಬಾಯಿ ಮುಚ್ಚುತ್ತಿರಲಿಲ್ಲ. "ಬಾಗಿಲು ತೆಗೆದಳು ನೋಡಕ್ಕಾ. ಹಸಿರು ಸೀರೆ. ಕಣ್ಣು ಊದಿದೆ, ರಾತ್ರಿಯೆಲ್ಲಾ ಅತ್ತಿದ್ದಾಳೆ ಮೂದೇವಿ." "ಅವನು?" "ಕಂಬದ ಹಿಂದೆ ನಿಂತಿದ್ದಾನೆ, ಕಳ್ಳಬೆಕ್ಕಿನ ಹಾಗೆ." ಸೊಸೆಗೆ ಇದು ದೊಡ್ಡ ನಿಧಿ. ನೋಡುಗರು ಕಥೆಯನ್ನು ಪರದೆಯಿಂದ ಕಸಿದುಕೊಂಡು ತಮ್ಮ ಬಾಯಲ್ಲಿ ಹೊಸದಾಗಿ ಹೇಳಿಕೊಳ್ಳುತ್ತಾರೆ ಎಂದು ಒಂದಿಡೀ ಅಧ್ಯಾಯ ಬರೆದಳು. ಗೈಡ್ ಓದಿ ಫೋನ್ ಮಾಡಿ ಹೊಗಳಿದರು.

ನಿಜ ಗೊತ್ತಿದ್ದದ್ದು ಚಿಕ್ಕಮ್ಮನಿಗೊಬ್ಬಳಿಗೇ. ಅಕ್ಕನಿಗೆ ಕಣ್ಣು ಹೋಗಿತ್ತು. ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ತಂಗಿಯ ಕೈ ಹಿಡಿದಿದ್ದಳು. "ಮಗನಿಗೆ ಹೇಳಬೇಡ, ಸೊಸೆಗಂತೂ ಬೇಡವೇ ಬೇಡ. ಗೊತ್ತಾದ್ರೆ ಪುಟ್ಟಿನ ನನ್ನ ಕೈಗೆ ಕೊಡಲ್ಲ."

ಪುಟ್ಟಿ ಮೊಮ್ಮಗಳು, ಈಗಷ್ಟೇ ನಡೆಯಲು ಕಲಿತವಳು. ಮಗ ಸರಕಿನ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಸೊಸೆ ಬೆಳಗ್ಗೆ ವಿಶ್ವವಿದ್ಯಾಲಯಕ್ಕೆ ಹೊರಟರೆ ಮಗು ಅಜ್ಜಿಯ ಪಾಲು. "ನಮ್ಮತ್ತೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಕೋತಾರೆ" ಎಂದು ಸೊಸೆ ಎಲ್ಲರಿಗೂ ಹೇಳುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಚಿಕ್ಕಮ್ಮ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು.

ಅಕ್ಕ ಹುಷಾರಿನವಳೇ. ನಡೆದರೆ ಕೀಂ ಕೀಂ ಎನ್ನುವ ಬೂಟನ್ನು ಮನೆಯೊಳಗೂ ಮಗುವಿಗೆ ತೊಡಿಸುತ್ತಿದ್ದಳು. ತಲೆ ಚಿಟ್ಟು ಹಿಡಿಯುತ್ತೆ, ಬಿಚ್ಚಿ ಅತ್ತೆ ಎಂದು ಸೊಸೆ ಗೊಣಗಿದರೆ, "ಮಗು ಓಡಾಡೋ ಸದ್ದು ಮನೆಗೆ ಲಕ್ಷಣ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಚಿಕ್ಕಮ್ಮ ಮೇಲೆ ಬಂದಾಗ ಬೂಟುಗಳು ಮಂಚದ ಕೆಳಗೆ ಬಿದ್ದಿದ್ದವು. ಮಗು ಬರಿಗಾಲಲ್ಲಿ ಅಡುಗೆಮನೆಯಲ್ಲಿ ನಿಂತು ಕುದಿಯುವ ಪಾತ್ರೆಯ ಹಿಡಿಗೆ ಕೈ ಚಾಚಿತ್ತು. ಅಕ್ಕ ಹಾಲ್‌ನಲ್ಲಿ ಕಿವಿ ನಿಮಿರಿಸಿ, "ಪುಟ್ಟೀ, ಎಲ್ಲಿದ್ದೀಯೇ?" ಎನ್ನುತ್ತಿದ್ದಳು.

ಚಿಕ್ಕಮ್ಮ ಮಗುವನ್ನು ಎತ್ತಿಕೊಂಡು ಒಲೆ ಆರಿಸಿದಳು. "ಅಕ್ಕಾ, ಇನ್ನು ನಾನು ಬಾಯಿ ಬಿಡ್ತೀನಿ."

"ಬಿಡು. ಬಿಟ್ಟ ಮೇಲೆ ಈ ಮನೇಲಿ ನಾನು ಯಾತಕ್ಕೆ ಇರಬೇಕು ಅಂತಾನೂ ನೀನೇ ಹೇಳು."

ಚಿಕ್ಕಮ್ಮ ಆ ದಿನ ಬಾಯಿ ಬಿಡಲಿಲ್ಲ.

ಸೊಸೆಗೂ ಮಗುವಿನದೇ ಚಿಂತೆ ಇತ್ತು, ಬೇರೆ ಥರದ್ದು. "ಈ ವಯಸ್ಸಿಗೆ ಮಕ್ಕಳು ಬೆರಳು ಮಾಡಿ ತೋರಿಸ್ತಾವಂತೆ ಚಿಕ್ಕಮ್ಮ. ಇವಳು ತೋರಿಸೋದೇ ಇಲ್ಲ. ಏನಿದ್ರೂ ತಂದು ಕೈಗೆ ತುರುಕ್ತಾಳೆ. ಡಾಕ್ಟರಿಗೆ ತೋರಿಸ್ಲಾ?"

"ಏನೂ ಬೇಡ. ಒಂದೊಂದು ಮಗು ಒಂದೊಂದು ಥರ" ಎಂದು ಚಿಕ್ಕಮ್ಮ ಬೇರೆ ಕಡೆ ನೋಡಿದಳು.

ಅಷ್ಟರಲ್ಲಿ ಗೈಡ್‌ಗೆ ಹೊಸದೊಂದು ಹೊಳೆಯಿತು. ಇಷ್ಟು ಚೆನ್ನಾಗಿ ಕಥೆ ಕಟ್ಟುವವರಿಗೆ ಸದ್ದು ತೆಗೆದು ಬರೀ ಚಿತ್ರ ತೋರಿಸಿ, ಏನು ಹೇಳುತ್ತಾರೋ ನೋಡೋಣ.

"ಇವತ್ತು ಅತ್ತೆ ಒಬ್ಬರೇ ಹೇಳಬೇಕು" ಎಂದಳು ಸೊಸೆ. "ಚಿಕ್ಕಮ್ಮ, ನೀವು ಪಿಟಿಕ್ ಅನ್ನಬಾರದು."

"ನಂಗೆ ತಲೆನೋವು ಕಣೇ. ನಾಳೆ ಇಟ್ಕೊಳ್ಳೋಣ."

"ತಲೆನೋವಿದ್ರೆ ಇನ್ನೂ ಒಳ್ಳೇದು, ಸುಮ್ಮನಿರ್ತೀರಿ."

ಅಕ್ಕ ಸೆರಗು ಸರಿಮಾಡಿಕೊಂಡಳು. "ಹಾಕಮ್ಮಾ. ಹೇಳ್ತೀನಿ." ನಿನ್ನೆಯವರೆಗಿನ ಕಥೆ ಅವಳಿಗೆ ಬಾಯಿಪಾಠ. ಸೊಸೆ ಟಿವಿ ಹಾಕಿ, ಸದ್ದು ತೆಗೆದು, ರಿಮೋಟನ್ನು ಚಾಪೆಯ ಮೇಲಿಟ್ಟು ಎಂದಿನಂತೆ ಪರದೆಗೆ ಬೆನ್ನು ಮಾಡಿ ಕೂತಳು. ಅತ್ತೆಯ ಮುಖದ ಮೇಲೆ ಟಿವಿಯ ನೀಲಿ ಬೆಳಕು ಕುಣಿಯುತ್ತಿತ್ತು.

"ಮನೆ ತುಂಬಾ ಜನ. ಮದುಮಗಳು ಇಳಿದು ಬರ್ತಿದ್ದಾಳೆ. ಇವನ ಮುಖ ನೋಡು, ಹರಳೆಣ್ಣೆ ಕುಡಿದ ಹಾಗೆ."

ಚಿಕ್ಕಮ್ಮ ಪರದೆ ನೋಡಿದಳು. ಅಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ಸೊಸೆ ಹಿಂದೆ ತಿರುಗಲಿಲ್ಲ, ಒಂದೇ ಸಮನೆ ಬರೆದುಕೊಳ್ಳುತ್ತಿದ್ದಳು. ಚಾಪೆಯ ಮೇಲೆ ಪುಟ್ಟಿ ರಿಮೋಟನ್ನು ಬಾಯಿಗಿಟ್ಟುಕೊಂಡು ಅಗಿಯಿತು.

ನೀಲಿ ಬೆಳಕು ಆರಿತು. ಅತ್ತೆಯ ಮುಖ ಮಬ್ಬಾಯಿತು.

"ಈಗ ಅವರತ್ತೆ ಬಂದಳು ನೋಡು. ಕೆಂಪು ಸೀರೆ."

ಸೊಸೆಯ ಪೆನ್ನು ನಿಂತಿತು. ಚಿಕ್ಕಮ್ಮ ಕೆಮ್ಮಿದಳು. ತಂಗಿ ಭೇಷ್ ಅನ್ನುತ್ತಿದ್ದಾಳೆಂದು ಅಕ್ಕನಿಗೆ ಇನ್ನಷ್ಟು ಹುರುಪು ಬಂತು. "ಬಂದವಳೇ ಹಾರ ಕಿತ್ತು ಬಿಸಾಕಿದಳು! ಎಲ್ಲರೂ ಕಲ್ಲಾಗಿ ನಿಂತಿದ್ದಾರೆ..."

"ಅತ್ತೆ." ಸೊಸೆ ಹಿಂದೆ ತಿರುಗಿ ಕಪ್ಪು ಪರದೆ ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. "ಟಿವಿ ಆಫ್ ಆಗಿ ಎಷ್ಟೊತ್ತಾಯ್ತು."

ಮಗು ಎದ್ದು ಕೀಂ ಕೀಂ ಎಂದು ಹೋಗಿ, ಒದ್ದೆಯಾದ ರಿಮೋಟನ್ನು ಅಜ್ಜಿಯ ಕೈಗಿಟ್ಟು ಬೆರಳುಗಳನ್ನು ಮಡಿಸಿತು.

"ಯಾವಾಗಿಂದ ಅತ್ತೆ?"

"ಈ ಧಾರಾವಾಹಿ ಶುರುವಾದಾಗ ಅವಳ ಮುಖ ಕಾಣ್ತಿತ್ತು. ಮದುವೆ ನಿಶ್ಚಯ ಆಗೋ ಹೊತ್ತಿಗೆ ಸೀರೆ ಬಣ್ಣ ಮಾತ್ರ. ಈಗ ದನಿ."

"ನೋಡ್ತೀನಿ ಅಂತ ಸುಳ್ಳು ಹೇಳಿದ್ರಿ."

"ಸುಳ್ಳೆಲ್ಲಿ ಬಂತು? ಉಪ್ಪು ಹುಳಿ ನೋಡ್ತೀವಿ, ಜ್ವರ ಮುಟ್ಟಿ ನೋಡ್ತೀವಿ. ಅದಕ್ಕೆಲ್ಲಾ ಕಣ್ಣು ಬೇಕಾ?"

"ಮಗುನ ನೋಡ್ಕೊಳ್ಳೋಕೆ ಬೇಕಲ್ಲ ಅತ್ತೆ!" ಸೊಸೆ ಚಿಕ್ಕಮ್ಮನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

ಚಿಕ್ಕಮ್ಮ ಆಗ ಎಲ್ಲವನ್ನೂ ಹೇಳಿದಳು, ಒಲೆಯ ಮೇಲಿನ ಪಾತ್ರೆಯನ್ನೂ ಬಿಡಲಿಲ್ಲ. ಅಕ್ಕ ತಡೆಯಲಿಲ್ಲ. ಮಗುವನ್ನು ಮಡಿಲಿಗೆ ಎಳೆದುಕೊಂಡು ಬೂಟು ಬಿಚ್ಚಿ, ಅದರ ಅಂಗಾಲನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದಳು. ಸೊಸೆ ಬಂದು ಮಗುವನ್ನು ಎತ್ತಿಕೊಂಡ ಮೇಲೂ ಆ ಹೆಬ್ಬೆರಳು ಸ್ವಲ್ಪ ಹೊತ್ತು ಖಾಲಿ ಗಾಳಿಯಲ್ಲಿ ಆಡಿತು.

ಮರುದಿನ ಬೆಳಗ್ಗೆ ಸೊಸೆ ಪುಟ್ಟಿಯನ್ನು ಎರಡು ರಸ್ತೆ ಆಚೆಯ ಶಿಶುವಿಹಾರಕ್ಕೆ ಸೇರಿಸಿದಳು. ಅತ್ತೆ ಬೂಟುಗಳನ್ನು ತಡಕಿ ತಂದುಕೊಟ್ಟಳು.

ವಿಶ್ವವಿದ್ಯಾಲಯದಲ್ಲಿ ಸೊಸೆ ಹೆಡ್‌ಫೋನ್ ಹಾಕಿಕೊಂಡು ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಕೇಳಿದಳು. ಹಸಿರು ಸೀರೆ. ಕಂಬದ ಹಿಂದೆ. ಕಣ್ಣು ಊದಿದೆ. ಕಸಿದುಕೊಳ್ಳುವ ಮಾತೇ ಇರಲಿಲ್ಲ ಅಲ್ಲಿ. ಒಬ್ಬಳು ತುತ್ತು ಮಾಡಿ ಕೊಡುತ್ತಿದ್ದಳು, ಇನ್ನೊಬ್ಬಳು ಉಣ್ಣುತ್ತಿದ್ದಳು. ಮಾತುಗಳ ಹಿಂದೆ, ದೂರದಲ್ಲಿ, ಕೀಂ ಕೀಂ. ಅದು ನಿಂತಾಗಲೆಲ್ಲ ಅತ್ತೆ ಮಾತು ನಿಲ್ಲಿಸುತ್ತಿದ್ದಳು.

ಸಂಜೆ ಶಿಶುವಿಹಾರದ ಆಯಾ ಬಾಗಿಲಲ್ಲೇ ದೂರು ಹೇಳಿದಳು. "ಇದೇನಮ್ಮಾ ನಿಮ್ಮ ಮಗು? ಕಂಡವರ ಕೈ ಹಿಡಿದು ಎಳೀತಾಳೆ. ಗೊಂಬೆ ಮೇಲೆ, ಗೋಡೆ ಮೇಲೆ, ಎಲ್ಲಾದರ ಮೇಲೂ ನಮ್ಮ ಕೈ ಇಡಿಸ್ತಾಳೆ. ಬಿಡಿಸಿಕೊಂಡ್ರೆ ಅಳು. ದಿನವೆಲ್ಲಾ ಅಳುವೇ."

ದಾರಿಯುದ್ದಕ್ಕೂ ಸೊಸೆ ಮಗುವನ್ನು ಎದೆಗೆ ಒತ್ತಿಕೊಂಡೇ ನಡೆದಳು. ಮನೆಯಲ್ಲಿ ಟಿವಿ ಓಡುತ್ತಿತ್ತು. ಚಿಕ್ಕಮ್ಮ ಸುಮ್ಮನೆ ಕೂತಿದ್ದಳು, ಅಕ್ಕನೂ ಏನೂ ಕೇಳುತ್ತಿರಲಿಲ್ಲ. ಬಾಗಿಲ ಸದ್ದಿಗೆ ಅತ್ತೆ ಮುಖ ಎತ್ತಿದಳು.

"ಬಂದಳಾ? ಅತ್ತಳೇನಮ್ಮಾ?"

"ಇಲ್ಲ ಅತ್ತೆ." ಸೊಸೆ ಮಗುವನ್ನು ಕೆಳಗಿಳಿಸಿದಳು. "ಚೆನ್ನಾಗಿ ಆಡ್ಕೊಂಡಿದ್ದಳಂತೆ."

ಕೀಂ ಕೀಂ ಎಂದು ಪುಟ್ಟಿ ಓಡಿತು. ಅಜ್ಜಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ, ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಿತು. ಕಣ್ಣೀರು ಒಣಗಿ ಕೆನ್ನೆ ಬಿರುಸಾಗಿತ್ತು. ಅತ್ತೆಯ ಬೆರಳು ಕಣ್ಣಿನ ಕೊನೆಯಿಂದ ಗಲ್ಲದವರೆಗೆ ಆ ಗೆರೆಯ ಮೇಲೆ ಮೆಲ್ಲಗೆ ಇಳಿದು ನಿಂತಿತು.

"ಹೂಂ ಕಣೇ" ಎಂದಳು ಅತ್ತೆ ಮಗುವಿಗೆ. "ನೋಡಿದೆ."